ಕೊರಕಲಿನಲ್ಲಿ ಬಂಡೆ ಇರಲಿಲ್ಲ

ಮಳೆ ಹಿಡಿದರೆ ನಮಗೆ ಕೆಲಸವಿಲ್ಲ. ಗಾಳಿ ಜೋರಾದರೂ ಇಲ್ಲ. ಅಂಥ ದಿನಗಳಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಡ್ರೋನ್ ಹಾರಿಸುವ ಏಳೆಂಟು ಜನ ಅಜ್ಜಂಪುರದ ಒಂದು ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಸೇರುತ್ತೇವೆ. ತೋಟಕ್ಕೆ ಔಷಧಿ ಹೊಡೆಯುವವರು, ಜಮೀನು ಅಳೆಯುವವರು, ಮದುವೆ ತೆಗೆಯುವವರು. ತರಬೇತಿ ಮುಗಿದಾಗ ಕೊಟ್ಟ ಸರ್ಟಿಫಿಕೇಟಿನಲ್ಲಿ ಪೈಲಟ್ ಎಂದು ಬರೆದಿದೆ. ಅದಕ್ಕೇ ಒಬ್ಬರನ್ನೊಬ್ಬರು ಪೈಲಟ್ ಎಂದು ಕರೆಯುತ್ತೇವೆ, ಅರ್ಧ ತಮಾಷೆಗೆ.

ನಮ್ಮಲ್ಲಿ ನಿಜವಾಗಿ ನೆಲ ಬಿಟ್ಟು ಮೇಲೆ ಹೋದವರು ಒಬ್ಬರೇ. ತರೀಕೆರೆಯಲ್ಲಿ ನೆಲೆಸಿರುವ ಹಿರಿಯರು, ಹೆಲಿಕಾಪ್ಟರ್ ಓಡಿಸಿ ನಿವೃತ್ತರಾದವರು. ಈಶಾನ್ಯದ ಕಾಡುಬೆಟ್ಟಗಳಲ್ಲಿ, ರಸ್ತೆಯೇ ಇಲ್ಲದ ಊರುಗಳಿಗೆ ಅಕ್ಕಿ, ಸೀಮೆಎಣ್ಣೆ ಸಾಗಿಸುತ್ತಿದ್ದರಂತೆ. ಕಣಿವೆಯಲ್ಲಿ ಮೋಡ ಹಿಂದಿನಿಂದ ಬಾಗಿಲು ಹಾಕಿಕೊಂಡ ಹಾಗೆ ಮುಚ್ಚಿಕೊಂಡದ್ದು, ಎಣ್ಣೆಯ ಮುಳ್ಳು ಕೆಳಗಿಳಿಯುತ್ತಿದ್ದದ್ದು, ಪಕ್ಕದಲ್ಲಿ ಕೂತವನು ಮಾತು ನಿಲ್ಲಿಸಿದ್ದು, ಎಲ್ಲವನ್ನೂ ಮೆಲ್ಲಗೆ ಹೇಳುತ್ತಾರೆ. ಕೊನೆಗೆ ಎಲ್ಲೋ ಮೋಡ ಒಂದು ಚಾಪೆಯಷ್ಟು ತೆರೆದುಕೊಳ್ಳುತ್ತದೆ, ಕೆಳಗೆ ಹಸಿರು ಕಾಣುತ್ತದೆ. ಇಳಿಯುತ್ತಾರೆ. ಪ್ರತಿ ಸಲವೂ ಇಳಿಯುತ್ತಾರೆ. ನಡೆದದ್ದನ್ನು ಹೇಳುವುದು ಹೇಗೆ ಎಂದು ನಾವು ಕಲಿತದ್ದು ಅವರಿಂದ. ಮಹಡಿಯ ಕಟ್ಟಳೆಯೂ ಅವರದೇ. ನಿನಗೇ ಆದದ್ದಿರಬೇಕು, ಕೇಳಿದ್ದಲ್ಲ.

ನಮಗೆ ಆದವು ಸಣ್ಣವು. ಅಮೃತಾಪುರದ ಹತ್ತಿರ ಒಬ್ಬನ ಡ್ರೋನಿಗೆ ಹದ್ದು ಎರಗಿತು. ಲಿಂಗದಹಳ್ಳಿಯ ಮೇಲಿನ ಕಾಡಂಚಿನಲ್ಲಿ ಇನ್ನೊಬ್ಬನ ಡ್ರೋನು ಬೆಟ್ಟದ ಮರೆಗೆ ಹೋಗಿ ಸಿಗ್ನಲ್ ಕಳೆದುಕೊಂಡಿತು, ಮೂರು ದಿನದ ಮೇಲೆ ಜೇನು ಕೀಳಲು ಹೋದವರು ಅದನ್ನು ತಂದುಕೊಟ್ಟರು. ಇವಕ್ಕೂ ಆಕಾರ ಬರುತ್ತಿತ್ತು. ಹೇಳಿ ಹೇಳಿ ಹದ್ದು ದೊಡ್ಡದಾಯಿತು.

ಒಂದು ಮಳೆಗಾಲದ ಮಧ್ಯಾಹ್ನ ನಾನೂ ನನ್ನದನ್ನು ಹೇಳಿದೆ.

ಹೇಳಿದ್ದು ಇಷ್ಟು. ಎಮ್ಮೆದೊಡ್ಡಿಯ ಕಡೆ ಒಬ್ಬ ದನ ಕಾಯುವವನು ಕಾಣೆಯಾಗಿದ್ದ. ಹುಡುಕಲು ಡ್ರೋನ್ ಬೇಕು ಎಂದು ನನ್ನನ್ನು ಕರೆಸಿದರು. ಬೆಳಗಿನಿಂದ ಹಾರಿಸಿದೆ. ಒಂದು ಕೊರಕಲಿನಲ್ಲಿ ಕರಿ ಬಂಡೆ ಕಂಡಿತು. ಬಂಡೆ ಅಂದುಕೊಂಡು ಮುಂದಕ್ಕೆ ಹೋದೆ. ಎರಡು ದಿನದ ಮೇಲೆ ಹೆಣ ಸಿಕ್ಕಿದ್ದು ಅಲ್ಲೇ. ನಾನು ಬಂಡೆ ಅಂದುಕೊಂಡದ್ದು ಅವನನ್ನೇ.

ಮಹಡಿಯಲ್ಲಿ ಯಾರೂ ಮಾತಾಡಲಿಲ್ಲ. ಕೆಳಗೆ ಅಂಗಡಿಯಲ್ಲಿ ಚೀಲ ಎಳೆಯುವ ಸದ್ದು ಮಾತ್ರ. ಆ ಮೌನ ನನಗೆ ಹಿತವಾಗಿತ್ತು ಎಂದು ಈಗ ಬರೆಯಬೇಕು, ಬರೆಯದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ. ನಾನು ಹೇಳುತ್ತಿದ್ದುದನ್ನು ಒಬ್ಬ ಮೊಬೈಲಿನಲ್ಲಿ ಹಿಡಿದಿದ್ದ. ಅದು ಒಂದು ಗ್ರೂಪಿಗೆ ಹೋಯಿತು, ಅಲ್ಲಿಂದ ಇನ್ನೊಂದಕ್ಕೆ.

ಹದಿನೈದು ದಿನ ಕಳೆದಿರಬಹುದು, ಒಬ್ಬ ಹೆಂಗಸು ವಿಚಾರಿಸಿಕೊಂಡು ಗೊಬ್ಬರದಂಗಡಿಗೆ ಬಂದರು. ಐವತ್ತರ ಆಸುಪಾಸು. ಲಿಂಗದಹಳ್ಳಿಯಿಂದ ಬಂದೆ, ಎರಡು ಬಸ್ ಹಿಡಿದೆ ಎಂದರು. ಸತ್ತವನ ಹೆಂಡತಿ ಎಂದು ಅವರು ಹೇಳುವ ಮೊದಲೇ ನನಗೆ ಗೊತ್ತಾಯಿತು. ಹೀಗೆ ಬರೆಯುತ್ತಿರುವಾಗಲೇ ಅನುಮಾನ. ಗೊತ್ತಾಗಿರಲಿಲ್ಲ. ಯಾವುದೋ ತೋಟದ ಕೆಲಸಕ್ಕೆ ಬಂದಿದ್ದಾರೆ ಅಂದುಕೊಂಡು ಎಷ್ಟು ಎಕರೆ ಎಂದು ಕೇಳಿದ್ದೆ.

"ನಮ್ಮಕ್ಕನ ಮಗಳು ಫೋನಲ್ಲಿ ಕೇಳಿಸಿದ್ಲು," ಎಂದರು. "ಬಂಡೆ ಇತ್ತು ಅಂತ ಹೇಳಿದ್ದೀಯಲ್ಲ ತಮ್ಮ."

"ಹೂಂ ಅಕ್ಕ."

"ಆ ಕೊರಕಲಲ್ಲಿ ಬಂಡೆ ಇಲ್ಲ ಕಣಪ್ಪ. ಮದ್ವೆಯಾಗಿ ಬಂದಾಗ್ನಿಂದ ಸೌದೆಗೆ ಹೋಗಿದ್ದೀನಿ ಅಲ್ಲಿಗೆ. ಬರೀ ಗರಸು. ಹೊರೆ ಇಳಿಸಿ ಕೂರೋಣ ಅಂದ್ರೆ ಒಂದು ಕಲ್ಲು ಸಿಗಲ್ಲ."

ಕಲ್ಲು ಎಂಬ ಮಾತು ಅವರ ಬಾಯಲ್ಲೇ ಬಂದಿತ್ತು.

ಆ ಮಾತಿನ ವಿಷಯ ಇಲ್ಲಿ ಹೇಳಿಬಿಡಬೇಕು. ಇದಕ್ಕೆ ಎರಡು ವರ್ಷ ಮುಂಚೆ ನಾನು ಮತ್ತು ಕಡೂರಿನ ನನ್ನ ಜೊತೆಗಾರ ಎಮ್ಮೆದೊಡ್ಡಿಯ ಅದೇ ಕಾವಲಿನ ಮೇಲೆ ಒಂದು ತಿಂಗಳು ಡ್ರೋನ್ ಹಾರಿಸಿದ್ದೆವು. ಅಮೃತಮಹಲ್ ತಳಿಯ ದನಗಳಿಗೆಂದು ಹಿಂದಿನಿಂದ ಬಿಟ್ಟ ಹುಲ್ಲುಗಾವಲು ಅದು. ಅದರ ಗಡಿ ಗುರುತಿಸುವುದು, ಒಳಗೆ ಯಾರು ಯಾರು ಸ್ವಂತ ದನ ಕುರಿ ಬಿಟ್ಟಿದ್ದಾರೆ, ಯಾರು ಗುಡಿಸಲು ಹಾಕಿದ್ದಾರೆ ಎಂಬುದಕ್ಕೆ ಫೋಟೋ ತೆಗೆಯುವುದು ನಮ್ಮ ಕೆಲಸ. ಆಮೇಲೆ ಕೆಲವರಿಗೆ ನೋಟೀಸು ಬಂದವು. ಮೊದಲ ವಾರ ಜನ ನಮ್ಮ ಡ್ರೋನಿಗೆ ಕೈ ಬೀಸುತ್ತಿದ್ದರು. ಎರಡನೇ ವಾರದಿಂದ ಸದ್ದು ಕೇಳಿದ ಕೂಡಲೇ ಇದ್ದಲ್ಲೇ ಕುಕ್ಕುರುಗಾಲಲ್ಲಿ ಕೂತು ತಲೆಯಿಂದ ಕಾಲಿನವರೆಗೆ ಕರಿ ಕಂಬಳಿ ಎಳೆದುಕೊಳ್ಳತೊಡಗಿದರು. ಮೇಲಿನಿಂದ ನೋಡಿದರೆ ಥೇಟ್ ಕಲ್ಲು. ಒಂದು ಗುಡ್ಡದಲ್ಲಿ ಹೋಗುವಾಗ ನಾಲ್ಕು ಕಲ್ಲು, ಬರುವಾಗ ಎರಡು. ನಾವು ನಕ್ಕಿದ್ದೆವು. ಸಂಜೆ ಬ್ಯಾಟರಿ ಎತ್ತಿಡುವಾಗ ಇವತ್ತು ಎಷ್ಟು ಕಲ್ಲು ಸಿಕ್ಕವು ಎಂದು ಕೇಳಿಕೊಳ್ಳುವುದು ಅಭ್ಯಾಸವಾಗಿತ್ತು. ಹಾಗಾಗಿ ನನ್ನ ಬಾಯಲ್ಲಿ ಆ ಮಾತಿಗೆ ಎರಡು ಅರ್ಥ. ಒಂದು ಕಲ್ಲು. ಇನ್ನೊಂದು, ನನಗೆ ಹೆದರಿ ಅಡಗಿ ಕೂತ ಮನುಷ್ಯ.

ಮಹಡಿಯಲ್ಲಿ ಹೇಳುವಾಗ ನಾನು ಕಲ್ಲು ಅನ್ನಲಿಲ್ಲ, ಬಂಡೆ ಅಂದೆ. ಯಾಕೆ ಎಂದು ಆಗ ಯೋಚಿಸಲಿಲ್ಲ.

ಆ ಹೆಂಗಸಿಗೆ ಬೇಕಾಗಿದ್ದದ್ದು ಒಂದೇ. ನೀನು ನೋಡಿದಾಗ ಅವರು ಬದುಕಿದ್ದರೋ ಇಲ್ಲವೋ.

ಅದು ಯಾಕೆ ಬೇಕು ಎಂಬುದನ್ನೂ ಅವರೇ ಹೇಳಿದರು. ಗಂಡ ತಪ್ಪಿಸಿಕೊಂಡ ಒಂದು ಕಡಸನ್ನು ಹುಡುಕಿಕೊಂಡು ಸೋಮವಾರ ಬೆಳಿಗ್ಗೆ ಹೋದವರು. ಫೋನು ಮನೆಯಲ್ಲೇ ಚಾರ್ಜಿಗೆ ಹಾಕಿತ್ತು. ಕತ್ತಲಾದರೆ ಎಲ್ಲಾದರೂ ಪರಿಚಯದವರ ದೊಡ್ಡಿಯಲ್ಲಿ ಉಳಿಯುವುದು ಅವರ ರೂಢಿ, ಆದ್ದರಿಂದ ಇವರು ಮಂಗಳವಾರ ಇಡೀ ದಿನ ಸುಮ್ಮನಿದ್ದರು. ಸಂಜೆ ಭಾವನಿಗೆ ಹೇಳಿದರು. ಬುಧವಾರ ನಾವೆಲ್ಲ ಹುಡುಕಿದೆವು. ಶುಕ್ರವಾರ ಹೆಣ ಸಿಕ್ಕಿತು, ಸೊಂಟದ ಕೆಳಗೆ ಕಾಲು ಮುರಿದಿತ್ತು. ಸತ್ತು ಎರಡು ದಿನವಾಗಿರಬಹುದು, ಮೂರೂ ಇರಬಹುದು ಎಂದರಂತೆ ಡಾಕ್ಟರು. ಗಂಡನ ಮನೆಯವರು ಮೂರು ಎಂದು ಹಿಡಿದುಕೊಂಡರು. ಮಂಗಳವಾರ ಬೆಳಿಗ್ಗೆಯೇ ಬಾಯಿ ಬಿಟ್ಟಿದ್ದರೆ ನನ್ನ ಮಗ ಉಳಿಯುತ್ತಿದ್ದ ಎಂದು ಅತ್ತೆ ನಾಲ್ಕು ಜನರ ಮುಂದೆ ಹೇಳಿದರು. ತಿಥಿ ಮುಗಿದ ಮೇಲೆ ಇವರನ್ನು ಯಾರೂ ಹೊರಗೆ ಹೋಗು ಎನ್ನಲಿಲ್ಲ, ಯಾರೂ ಮಾತೂ ಆಡಲಿಲ್ಲ. ಒಲೆಯ ಹತ್ತಿರ ಹೋದರೆ ಓರಗಿತ್ತಿ ಎದ್ದು ಹೋಗುತ್ತಿದ್ದಳಂತೆ. ಕೊನೆಗೆ ಅಕ್ಕನ ಮನೆಗೆ ಬಂದುಬಿಟ್ಟಿದ್ದರು.

"ಬುಧ್ವಾರ ಬದುಕಿದ್ರು ಅಂತಾದ್ರೆ ನಾನು ಕೊಂದಂಗಾಗಲ್ಲ ಅಲ್ವಾ," ಎಂದರು. ಕೇಳಿದ ಹಾಗಿರಲಿಲ್ಲ, ಲೆಕ್ಕ ಒಪ್ಪಿಸಿದ ಹಾಗಿತ್ತು.

ಅವತ್ತಿನ ರೆಕಾರ್ಡಿಂಗ್ ನನ್ನ ಹತ್ತಿರ ಇತ್ತು. ತೆಗೆದು ನೋಡಿರಲಿಲ್ಲ. ನೋಡಲು ಧೈರ್ಯ ಬಂದಿರಲಿಲ್ಲ ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದ್ದೇನೆ. ನೋಡುವ ಅಗತ್ಯ ಬಿದ್ದಿರಲಿಲ್ಲ, ಅಷ್ಟೇ. ಬಂಡೆ ಇಟ್ಟುಕೊಂಡು ಕಥೆ ಚೆನ್ನಾಗಿಯೇ ನಡೆಯುತ್ತಿತ್ತು.

ಅಂಗಡಿಯವನ ಕಂಪ್ಯೂಟರಿಗೆ ಕಾರ್ಡು ಹಾಕಿದೆ. ಇಬ್ಬರೂ ನಿಂತೇ ನೋಡಿದೆವು. ಆ ಕೊರಕಲು ಎರಡು ತುಣುಕುಗಳಲ್ಲಿ ಇದೆ. ಮೊದಲನೆಯದರಲ್ಲಿ ಡ್ರೋನು ಪೂರ್ವದಿಂದ ಬರುತ್ತದೆ. ಕೆಂಪು ಗರಸು, ಲಂಟಾನ ಪೊದೆ, ಅದರ ಪಕ್ಕ ಒಂದು ಕರಿ ಆಕಾರ, ಆ ಕರಿಯ ಒಂದು ತುದಿಯಲ್ಲಿ ಒಂದಿಷ್ಟು ಬಿಳಿ. ಅಲ್ಲಿಗೆ ತುಣುಕು ಮುಗಿಯುತ್ತದೆ. ನಾನು ಹತ್ತು ವರ್ಷ ಮದುವೆ ತೆಗೆದವನು. ಬೇಡದ ಕಡೆ ರೆಕಾರ್ಡು ನಿಲ್ಲಿಸಿ ಕಾರ್ಡು ಉಳಿಸುವುದು ಬೆರಳಿಗೇ ಅಭ್ಯಾಸವಾಗಿದೆ. ಎರಡನೆಯ ತುಣುಕು ಶುರುವಾಗುವುದು ಸುಮಾರು ಮುಕ್ಕಾಲು ನಿಮಿಷದ ನಂತರ, ಡ್ರೋನು ತಿರುಗಿ ಪಶ್ಚಿಮದಿಂದ ಬರುವಾಗ. ಅದೇ ಗರಸು, ಅದೇ ಪೊದೆ, ಅದೇ ಕರಿ ಆಕಾರ. ಬಿಳಿ ಇಲ್ಲ.

ಅವರು ಇನ್ನೊಂದು ಸಲ ಹಾಕು ಎಂದರು. ಹಾಕಿದೆ. ಬಿಳಿಯ ಮೇಲೆ ಬೆರಳಿಟ್ಟರು.

"ಇದು ಅವ್ರ ಪಂಚೆ. ಕಾಲು ಒಳಕ್ಕೆ ಎಳ್ಕೊಂಡವ್ರೆ."

ಆಮೇಲೆ, ಕಂಪ್ಯೂಟರಿನ ಕಡೆ ನೋಡುತ್ತಲೇ, ಎರಡು ವರ್ಷದ ಹಿಂದೆ ತಮ್ಮ ಮನೆಗೂ ನೋಟೀಸು ಬಂದಿತ್ತು ಎಂದರು. ಗಂಡ ಕಡೂರಿಗೆ ಎಷ್ಟೋ ಸಲ ಅಲೆದಿದ್ದರಂತೆ. ಅಲ್ಲಿಂದಾಚೆಗೆ ಡ್ರೋನಿನ ಸದ್ದು ಕೇಳಿದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಒಳಗೆ ಹೋಗುತ್ತಿದ್ದರು. ಹೊರಗಿದ್ದರೆ ಕಂಬಳಿ. ಆ ನೋಟೀಸಿಗೆ ಫೋಟೋ ಹಿಡಿದದ್ದೂ ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಹೇಳದೆ ಇರಲು ಆಗುತ್ತಿರಲಿಲ್ಲ ಎಂದೇನಲ್ಲ. ಇನ್ನಾವುದೋ ಒಂದನ್ನು ಹೇಳದೆ ಇರಲು ಇದನ್ನು ಹೇಳಿದೆ ಅನ್ನಿಸುತ್ತದೆ.

ಅವರು ಬೈಯಲಿಲ್ಲ. "ಮುರಿದ ಕಾಲು," ಎಂದರು. "ಆ ಕಾಲ್ನ ಎಳ್ಕೊಂಡವ್ರೆ, ನಿನ್ನ ಕಂಡು." ಬರುವ ಭಾನುವಾರ ಎಮ್ಮೆದೊಡ್ಡಿಯ ಮನೆಗೆ ಬಂದು ಇದನ್ನು ಭಾವನಿಗೂ ಅತ್ತೆಗೂ ತೋರಿಸಬೇಕು, ಬಾಯಿಬಿಟ್ಟು ಹೇಳಬೇಕು ಎಂದರು. ನಾನು ಒಪ್ಪಿಕೊಂಡೆ.

ನಡುವೆ ಒಂದು ದಿನ ಕಡೂರಿಗೆ ಹೋಗಿ ಜೊತೆಗಾರನನ್ನು ಕಂಡೆ. ಹುಡುಕಿದ ದಿನ ಅವನು ಜಾಲಿ ಮರದ ಕೆಳಗೆ ಬ್ಯಾಟರಿ ನೋಡಿಕೊಳ್ಳುತ್ತಿದ್ದ. ಪರದೆ ನೋಡುತ್ತಿದ್ದವನು ನಾನೊಬ್ಬನೇ, ಬಿಸಿಲಿಗೆ ತಲೆಯ ಮೇಲೆ ಟವೆಲ್ ಹೊದ್ದುಕೊಂಡು. ಪಕ್ಕದಲ್ಲಿ ಸತ್ತವನ ಅಣ್ಣ ನಿಂತಿದ್ದರು. ಆ ಕೊರಕಲಿಗೆ ಇಳಿಯೋಣವಾ ಎಂದು ಅವರು ಕೇಳಿದ್ದರು, ನಾನು ಉತ್ತರ ಕೊಟ್ಟಿದ್ದೆ. ಏನು ಉತ್ತರ ಎಂಬುದನ್ನು ಜೊತೆಗಾರನಿಂದ ಕೇಳಬೇಕಿತ್ತು.

"ಬೇಡ, ಕಲ್ಲು ಅಷ್ಟೇ ಅಂದೆ," ಎಂದ ಅವನು. "ನಗ್ತಾ ಅಂದೆ ಕಣೋ."

ನಕ್ಕದ್ದು ನನಗೆ ನೆನಪಿಲ್ಲ ಎಂದೆ.

"ನಿಂಗೆ ನೆನಪಿಲ್ದೆ ಇರ್ಬೋದು, ನಂಗೈತೆ. ಯಾರೋ ಮರ ಕಡಿಯೋಕೆ ಬಂದೋನು ನಮ್ಮನ್ನ ಕಂಡು ಮುದುರ್ಕೊಂಡವ್ನೆ ಅಂತ ನಾನಂದ್ಕೊಂಡೆ."

"ಮನುಷ್ಯ ಅಂದ್ಕೊಂಡ್ಯಾ?"

"ಮತ್ತಿನ್ನೇನು. ನಮ್ ಕಲ್ಲು ತಾನೆ."

"ಹಂಗಾದ್ರೆ ಯಾಕೋ ಸುಮ್ನಿದ್ದೆ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಕಳೆದೋದೋನು ಕೈ ಬೀಸ್ತಾನೆ, ಬಚ್ಚಿಟ್ಕೊಳ್ಳೋನು ನಮ್ಮೋನಲ್ಲ, ಅವ್ರಿಗೆಲ್ಲ ಬ್ಯಾಟರಿ ದಂಡ ಮಾಡೋದು ಬೇಡ ಅಂತ ಬೆಳಿಗ್ಗೆ ನೀನೇ ಹೇಳಿದ್ಯಲ್ಲೋ."

ಹೇಳಿರಬೇಕು. ಅದು ನನ್ನದೇ ಮಾತಿನ ಹಾಗಿದೆ. ಆದರೆ ರೆಕಾರ್ಡು ನಿಂತಿದ್ದ ಆ ಮುಕ್ಕಾಲು ನಿಮಿಷ, ಪರದೆಯಲ್ಲಿ ಚಿತ್ರ ಓಡುತ್ತಲೇ ಇದ್ದ ಆ ಹೊತ್ತು, ನನ್ನ ತಲೆಯಲ್ಲಿ ಏನೇನೂ ಇಲ್ಲ. ಟವೆಲಿನ ವಾಸನೆ ಇದೆ. ಬ್ಯಾಟರಿ ಕಮ್ಮಿಯಾದಾಗ ಬರುವ ಟೀಂ ಟೀಂ ಇದೆ. ಕರಿ ಆಕಾರ ಅಲುಗಿತೋ, ಅಲುಗಿದ್ದನ್ನು ಕಂಡು ಓ ಇವನೊಬ್ಬ ಎಂದು ನಕ್ಕೆನೋ, ಅಥವಾ ತಿರುವಿನ ಕಡೆ ಗಮನ ಇಟ್ಟು ಏನನ್ನೂ ಕಾಣದೆ ಹೋದೆನೋ. ಒಂದರಲ್ಲಿ ನಾನು ಕುರುಡ. ಇನ್ನೊಂದರಲ್ಲಿ ಮನುಷ್ಯನನ್ನು ಕಂಡು, ಇವನು ಬೇಡ ಎಂದು ಬಿಟ್ಟುಬಂದವನು. ಮೂರು ದಿನ ಪ್ರಯತ್ನಪಟ್ಟೆ. ಪ್ರಯತ್ನಪಟ್ಟಷ್ಟೂ ಎರಡೂ ಚಿತ್ರಗಳು ಸಮನಾಗಿ ಬಂದವು, ಎರಡರಲ್ಲೂ ಬೆಳಕು ಒಂದೇ ಥರ ಇತ್ತು. ನೆನಪಿಲ್ಲ ಎಂದು ಹೇಳುವುದೇ ಸರಿ ಎಂದು ತೀರ್ಮಾನಿಸಿ ಭಾನುವಾರ ಬೈಕ್ ಹತ್ತಿದೆ.

ಮನೆಯ ಮುಂದೆ ದನ ಕಟ್ಟಿದ್ದರು. ಜಗಲಿಯ ಮೇಲೆ ಅಣ್ಣ, ಬಾಗಿಲ ಹತ್ತಿರ ಗೋಡೆಗೊರಗಿ ಮುದುಕಿ ತಾಯಿ. ಸತ್ತವನ ಹೆಂಡತಿ ನನಗಿಂತ ಮುಂಚೆ ಬಂದು ಅಂಗಳದ ತುದಿಯಲ್ಲಿ ಕಲ್ಲುಕಂಬದ ಪಕ್ಕ ನಿಂತಿದ್ದರು, ನೆಂಟರ ಮನೆಗೆ ಬಂದವರ ಹಾಗೆ, ಕೈಯಲ್ಲಿ ಬ್ಯಾಗು. ಯಾರೂ ಕೂರು ಎಂದಿರಲಿಲ್ಲ.

ಲ್ಯಾಪ್‌ಟಾಪ್ ತೆರೆದು ಎರಡೂ ತುಣುಕು ತೋರಿಸಿದೆ. ಕಲ್ಲು ಎಂಬ ಮಾತಿಗೆ ನಮ್ಮ ಬಾಯಲ್ಲಿ ಇನ್ನೊಂದು ಅರ್ಥ ಇತ್ತು ಎಂಬುದನ್ನೂ ಹೇಳಿದೆ, ಎರಡು ವರ್ಷದ ಹಿಂದಿನ ಸರ್ವೆಯನ್ನೂ. ಮುದುಕಿಗೆ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಎಲ್ಲಿ, ಎಲ್ಲಿ ಎಂದು ಕೇಳುತ್ತಿದ್ದರು. ಅಣ್ಣ ಮಾತ್ರ ಪೂರ್ತಿ ನೋಡಿದರು, ಬಿಳಿ ಇದ್ದದ್ದನ್ನೂ ಇಲ್ಲದ್ದನ್ನೂ. ಅವರು ದಡ್ಡರಲ್ಲ.

"ಗಾಳಿಗೆ ಕಂಬ್ಳಿ ಮಗುಚ್ಕೊಂಡಿರ್ಬೋದು," ಎಂದರು. "ಸತ್ತೋನ ಮೇಲೂ ಗಾಳಿ ಬೀಸ್ತದೆ."

ಅಂಗಳದ ತುದಿಯಲ್ಲಿ ಬ್ಯಾಗು ಈ ಕೈಯಿಂದ ಆ ಕೈಗೆ ಹೋಯಿತು.

"ನಿನ್ ಮಿಷನ್ನಲ್ಲಿರೋದು ಮೊದಲ್ನೇದು, ಕೊನೇದು. ನಡುವಿಂದು ನಿನ್ ಕಣ್ಣಲ್ಲಿರ್ಬೇಕು. ಅವತ್ತು ನಾನು ನಿನ್ ಪಕ್ಕದಲ್ಲೇ ನಿಂತಿದ್ದೆ, ನೀನು ಟವಲ್ ಒಳಗಿದ್ದೆ. ಏನ್ ನೋಡ್ದೆ ಹೇಳು."

ನೆನಪಿಲ್ಲ ಎಂಬುದು ನಾಲಿಗೆಯ ಮೇಲೇ ಇತ್ತು. ಅದು ಸತ್ಯವಾಗಿತ್ತು. ಹೇಳಿದ್ದರೆ ನನ್ನ ಮಟ್ಟಿಗೆ ನಾನು ಶುದ್ಧವಾಗಿ ಬೈಕ್ ಹತ್ತಬಹುದಿತ್ತು, ಅವರು ಬ್ಯಾಗು ಹಿಡಿದು ಲಿಂಗದಹಳ್ಳಿಯ ಬಸ್ಸು ಹತ್ತುತ್ತಿದ್ದರು, ಗಾಳಿ ಎಂಬುದು ಆ ಮನೆಯ ತೀರ್ಪಾಗಿ ಉಳಿಯುತ್ತಿತ್ತು.

"ಕಾಲು ಎಳ್ಕೊಂಡ್ರು," ಎಂದೆ. "ಎಳ್ಕೊಂಡು ಕಂಬಳಿ ಸರಿ ಮಾಡ್ಕೊಂಡ್ರು. ನೋಡ್ದೆ."

"ನೋಡಿ?"

"ಯಾರೋ ನಮ್ಗೆ ಹೆದ್ರಿ ಕೂತವ್ರೆ ಅಂದ್ಕೊಂಡೆ."

"ಅಂದ್ಕೊಂಡು, ನಂಗೆ ಕಲ್ಲು ಅಂದೆ."

"ಅಂದೆ."

ಅವರು ಎದ್ದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೆ ಬರೆಯಲು ಒಂದು ಜಾಗ ಸಿಗುತ್ತಿತ್ತು. ಜಗಲಿ ಇಳಿದು ದನಗಳ ಹತ್ತಿರ ಹೋಗಿ, ಬಿಚ್ಚಬೇಕಿಲ್ಲದ ಒಂದು ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು. ಬೆನ್ನು ನಮ್ಮ ಕಡೆಗಿತ್ತು. ಕೊರಕಲಿಗೆ ಇಳಿಯೋಣವಾ ಎಂದು ಕೇಳಿದವರು ಅವರು, ಬೇಡ ಎಂದ ಮೇಲೆ ಇಳಿಯದೆ ಬಂದವರೂ ಅವರೇ. ನನ್ನ ಮಾತಿನಿಂದ ಅವರ ತಮ್ಮ ಇನ್ನೂರು ಮಾರು ದೂರದಲ್ಲಿ ಬದುಕಿದ್ದ ಎಂದಾಯಿತು. ಅದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ಒಬ್ಬರ ತಲೆಯಿಂದ ಇಳಿಸಿದ್ದು ನನ್ನ ತಲೆಗೆ ಮಾತ್ರ ಬರುತ್ತದೆ ಎಂದು ನಂಬಿದ್ದೆ.

ಮುದುಕಿ ಅಂಗಳದ ತುದಿಗೆ ಕೇಳುವ ಹಾಗೆ ಹೇಳಿದರು.

"ಅಲ್ಯಾಕೆ ನಿಂತಿದ್ದೀಯ. ಒಳಕ್ ಬಾ. ಕರಿ ಹಸ ನಿನ್ ಕೈಗಲ್ದೆ ಹಾಲು ಬಿಡ್ತಿಲ್ಲ."

ಅವರು ತಕ್ಷಣ ಒಳಗೆ ಹೋಗಲಿಲ್ಲ. ನನ್ನ ಹತ್ತಿರ ಬಂದು ನಿಂತರು. ಅವರಿಗೆ ಬೇಕಾದ ಮಾತನ್ನು ನಾನು ಹೇಳಿಯಾಗಿತ್ತು, ಆದರೆ ಆ ಮಾತಿನ ಇನ್ನೊಂದು ಕಡೆ ಈಗಷ್ಟೇ ಅವರ ಮುಖಕ್ಕೆ ಬಂದ ಹಾಗಿತ್ತು.

"ಬುಧ್ವಾರ ಬಿಸಿಲಿತ್ತಾ ತಮ್ಮ?"

ಇತ್ತು ಎಂದೆ.

"ನೀರಿಲ್ಲ ಆ ಕಡೆ," ಎಂದು ಹೇಳಿ, ಬ್ಯಾಗನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರು. ನನಗೆ ಯಾರೂ ಹೋಗು ಎನ್ನಲಿಲ್ಲ, ಇರು ಎಂದೂ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿಕೊಂಡು ಬಂದೆ.

ಮಳೆ ಬಂದ ದಿನ ಈಗಲೂ ಮಹಡಿಗೆ ಹೋಗುತ್ತೇನೆ. ತರೀಕೆರೆಯ ಹಿರಿಯರು ನಿನ್ನದನ್ನು ಇನ್ನೊಮ್ಮೆ ಹೇಳು ಎಂದು ಒಂದೆರಡು ಸಲ ಕೇಳಿದರು, ಹೇಳಲಿಲ್ಲ. ಹೇಳಲು ಈಗ ಯಾವ ಅಡ್ಡಿಯೂ ಇಲ್ಲ, ಅದೇ ತೊಂದರೆ. ಆ ಭಾನುವಾರದಿಂದ ಮುಕ್ಕಾಲು ನಿಮಿಷ ಸ್ವಲ್ಪ ಸ್ವಲ್ಪವಾಗಿ ತುಂಬಿಕೊಂಡಿದೆ. ಮೊದಲು ಹಿಮ್ಮಡಿ ಬಂತು. ಆಮೇಲೆ ಗರಸಿನ ಮೇಲೆ ಅದು ಎಳೆದ ಗೀರು. ಆಮೇಲೆ ಕಂಬಳಿಯ ಅಂಚನ್ನು ಹಿಡಿದ ಕೈ. ಈಗ ಎಲ್ಲ ಚೊಕ್ಕವಾಗಿ ಕಾಣುತ್ತದೆ, ಪಂಚೆಗೆ ಸಣ್ಣ ಹಸಿರು ಅಂಚು ಇದ್ದದ್ದೂ ಕಾಣುತ್ತದೆ. ನಾನು ಹಾರಿಸುತ್ತಿದ್ದ ಎತ್ತರದಿಂದ ಪಂಚೆಯ ಅಂಚು ಕಾಣುವುದಿಲ್ಲ.